ಬಾಡಿಗೆಗೆ ಕೊಟ್ಟ ಹಾಡು

ಮಾರುವವನು ತನ್ನ ಸರಕಿನ ಹೆಸರನ್ನು ಕೂಗಿ ಹೇಳುವುದು ಲೋಕದಲ್ಲಿ ಬಹು ಹಳೆಯ ರೂಢಿ. ಆ ಕೂಗು ರಾಗವಾಗಿ ಬಂದರೆ ಕೇಳುವವರಿಗೆ ಇನ್ನೂ ಹಿತ. ಇಷ್ಟರಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಅವನು ತನ್ನ ಕೂಗನ್ನು ಬಿಟ್ಟು, ಜನರು ಎಂದೋ ಮೆಚ್ಚಿ ಮನಸ್ಸಿನಲ್ಲಿ ಉಳಿಸಿಕೊಂಡ ಹಾಡೊಂದನ್ನು ತಂದು ತನ್ನ ಸರಕಿನ ಪಕ್ಕದಲ್ಲಿ ನಿಲ್ಲಿಸಿದಾಗ, ಯಾರಿಗೆ ಸೇರಿದುದು ಯಾರ ಕೈಗೆ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ದಿನಕ್ಕೆ ನೂರು ಸಾರಿ ನಡೆಯುವ ಸಣ್ಣ ವ್ಯವಹಾರಗಳಲ್ಲಿಯೇ ಒಂದು ಸಮಾಜದ ಧರ್ಮಸೂಕ್ಷ್ಮ ಅಡಗಿರುತ್ತದೆಯಾದ್ದರಿಂದ, ಜಪಾನ್ ದೇಶದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಮಾಡುವುದು ಅನುಚಿತವಾಗಲಾರದು.

ಆ ದೇಶದಲ್ಲಿ ‘ಕೊನ್ಬಿನಿ’ ಎಂದು ಕರೆಯಲ್ಪಡುವ ಸಣ್ಣ ಅಂಗಡಿಗಳಿವೆ. ಅನುಕೂಲವೆಂಬ ಅರ್ಥದ ‘ಕನ್ವೀನಿಯನ್ಸ್’ ಎಂಬ ಇಂಗ್ಲಿಷ್ ಮಾತನ್ನು ಮೊಟಕುಮಾಡಿ ಜನರು ಮಾಡಿಕೊಂಡ ಹೆಸರು ಅದು. ಅಮೆರಿಕದಲ್ಲಿ ಹುಟ್ಟಿದ ಸೆವೆನ್-ಇಲೆವೆನ್ ಎಂಬ ಹೆಸರಿನ ಅಂಗಡಿ ಜಪಾನಿನಲ್ಲಿ ಮೊದಲು ತೆರೆದುದು 1974ರ ಮೇ ತಿಂಗಳಲ್ಲಿ, ಟೋಕಿಯೋ ನಗರದ ತೊಯೋಸು ಎಂಬಲ್ಲಿ. ಬೆಳಗಿನ 7 ಗಂಟೆಯಿಂದ ರಾತ್ರಿ 11 ಗಂಟೆಯ ವರೆಗೆ ಬಾಗಿಲು ತೆರೆದಿರುತ್ತದೆಂಬುದು ಹೆಸರಿನ ತಾತ್ಪರ್ಯ. ಮರುವರ್ಷವೇ ಫುಕುಷಿಮಾ ಪ್ರಾಂತದ ಕೊರಿಯಾಮಾ ಪಟ್ಟಣದ ಒಂದು ಅಂಗಡಿ ಹಗಲಿರುಳೂ ತೆರೆದಿರತೊಡಗಿತು. ಮುಂದೆ ಅದೇ ವಾಡಿಕೆಯಾಯಿತು. ಈಗ ನಾನಾ ಕಂಪನಿಗಳ ಇಂಥ ಅಂಗಡಿಗಳು ಆ ದೇಶದಲ್ಲಿ ಸುಮಾರು 55,000 ಇವೆ. ಕಡಲಪಾಚಿಯಲ್ಲಿ ಸುತ್ತಿದ ಅನ್ನದ ಮುದ್ದೆ, ಬಿಸಿಯಾದ ಕಾಫಿ, ಕೊಡೆ, ಅಂಚೆಚೀಟಿ ಎಲ್ಲವೂ ಅಲ್ಲಿ ದೊರೆಯುತ್ತವೆ. ದೀಪದ ಬಿಲ್ಲಿನ ಹಣವನ್ನೂ ಅಲ್ಲಿಯೇ ಕಟ್ಟಬಹುದು. ಒಂದಕ್ಕೊಂದು ಹತ್ತಿರದಲ್ಲಿಯೇ ಇರುವ, ಸರಕಿನಲ್ಲಿಯೂ ಹೆಚ್ಚು ಭೇದವಿಲ್ಲದ ಈ ಅಂಗಡಿಗಳು ಗಿರಾಕಿಯ ಮನಸ್ಸನ್ನು ಸೆಳೆಯಬೇಕಾದರೆ ಬೆಲೆಯೊಂದೇ ಸಾಲದು. ಆದುದರಿಂದ ಟೆಲಿವಿಷನ್ನಿನ ಜಾಹೀರಾತುಗಳಲ್ಲಿ ಅವು ಜನಪ್ರಿಯ ಹಾಡುಗಳ ಆಸರೆಯನ್ನು ಹಿಡಿದವು.

ಅಂಥ ಹಾಡುಗಳಲ್ಲಿ ಒಂದರ ಚರಿತ್ರೆ ವಿಶೇಷವಾಗಿ ಆಲೋಚಿಸತಕ್ಕುದು. ಹಗಲುಗನಸನ್ನು ನಂಬಿದವನೆಂಬ ಅರ್ಥದ ‘ಡೇಡ್ರೀಮ್ ಬಿಲೀವರ್’ ಎಂಬ ಹಾಡನ್ನು ರಚಿಸಿದವರು ಅಮೆರಿಕದ ಜಾನ್ ಸ್ಟೂವರ್ಟ್. 1967ರಲ್ಲಿ ಅದನ್ನು ಹಾಡಿ ಲೋಕಪ್ರಿಯಗೊಳಿಸಿದುದು ‘ದಿ ಮಂಕೀಸ್’ ಎಂಬ ಮೇಳ. ಇಪ್ಪತ್ತೆರಡು ವರ್ಷಗಳ ಬಳಿಕ, 1989ರಲ್ಲಿ, ಜಪಾನಿನ ‘ದಿ ಟೈಮರ್ಸ್’ ಎಂಬ ಮೇಳ ಆ ರಾಗಕ್ಕೆ ಜಪಾನೀ ಭಾಷೆಯ ಹೊಸ ಸಾಹಿತ್ಯವನ್ನು ಹೊಂದಿಸಿ ಹಾಡಿತು. ಸಾಹಿತ್ಯವನ್ನು ಬರೆದವರೂ ಹಾಡಿದವರೂ ಕಿಯೋಷಿರೋ ಇಮಾವಾನೋ ಎಂಬ ಪ್ರಸಿದ್ಧ ಗಾಯಕರು. ಅವರು ಎಳೆಯ ಮಗುವಾಗಿದ್ದಾಗಲೇ ಹೆತ್ತ ತಾಯಿ ತೀರಿಹೋಗಿದ್ದರು. ತಾಯಿಯ ಸೋದರಿಯೇ ಅವರನ್ನು ಸಾಕಿದಾಕೆ. ಮೂಲದಲ್ಲಿ ಯುವದಂಪತಿಗಳ ಲಘುವಾದ ಸಂಸಾರಗೀತವಾಗಿದ್ದುದು ಅವರ ಬಾಯಲ್ಲಿ ಮತ್ತೆ ಬಾರದ ಒಬ್ಬ ಸ್ತ್ರೀಯ ನೆನಪಿನ ಗೀತವಾಯಿತು. ಆ ಸ್ತ್ರೀ ತಾಯಿಯೇ ಎಂದು ಕೇಳುಗರಲ್ಲಿ ಬಹುಮಂದಿ ತಿಳಿದಿದ್ದಾರೆ. ಇಮಾವಾನೋ ಅವರು 2009ರ ಮೇ 2ರಂದು ಕಾಲವಶರಾದರು. 2011ರಿಂದೀಚೆಗೆ ಹಲವು ವರ್ಷಗಳ ಕಾಲ ಅದೇ ಧ್ವನಿ, ಅದೇ ಹಾಡು, ಸೆವೆನ್-ಇಲೆವೆನ್ ಅಂಗಡಿಯ ಜಾಹೀರಾತುಗಳಲ್ಲಿ ಮನೆಮನೆಗೂ ಕೇಳಿಬಂದಿತು. ಸತ್ತ ತಾಯಿಯನ್ನು ನೆನೆಯುವ ಹಾಡು ಅನ್ನದ ಮುದ್ದೆಯ ಬೆನ್ನಿಗೆ ನಿಂತಿತು. ಇದು ತಪ್ಪೋ, ತಪ್ಪಾದರೆ ಯಾರ ತಪ್ಪು?

ತಪ್ಪೆಂದು ಹೇಳುವವರ ಪಕ್ಷ ದುರ್ಬಲವಾದುದಲ್ಲ. ಹಾಡಿದವರು ವ್ಯಾಪಾರದ ಅಧಿಕಾರಕ್ಕೆ ತಲೆಬಾಗಿದವರಾಗಿರಲಿಲ್ಲ. 1988ರಲ್ಲಿ ಅವರ ‘ಆರ್‌ಸಿ ಸಕ್ಸೆಷನ್’ ಎಂಬ ಮೇಳ ಪಾಶ್ಚಾತ್ಯ ಗೀತಗಳಿಗೆ ಜಪಾನೀ ಸಾಹಿತ್ಯವನ್ನು ಕೂಡಿಸಿ ‘ಕವರ್ಸ್’ ಎಂಬ ಸಂಪುಟವನ್ನು ಸಿದ್ಧಪಡಿಸಿತು. ಯುದ್ಧವನ್ನೂ ಪರಮಾಣು ವಿದ್ಯುತ್ತನ್ನೂ ಹಳಿಯುವ ಹಾಡುಗಳು ಅದರಲ್ಲಿದ್ದವು. ಅದನ್ನು ಹೊರತರಬೇಕಾಗಿದ್ದ ತೋಷಿಬಾ-ಇಎಂಐ ಕಂಪನಿಗೆ ಸಂಬಂಧಪಟ್ಟ ತೋಷಿಬಾ ಸಂಸ್ಥೆ ಪರಮಾಣು ಸ್ಥಾವರಗಳ ಯಂತ್ರಗಳನ್ನು ತಯಾರಿಸುವುದು. ಸಂಪುಟದ ಬಿಡುಗಡೆ ನಿಂತಿತು. ಮಾರಾಟಕ್ಕೆ ತರಲಾಗದಷ್ಟು ಅದು ಸೊಗಸಾಗಿದೆಯೆಂಬ ಅಭಿಪ್ರಾಯದ ವಿಚಿತ್ರ ಪ್ರಕಟನೆಯೊಂದು ಆ ವರ್ಷದ ಜೂನ್ ತಿಂಗಳಲ್ಲಿ ಪತ್ರಿಕೆಯಲ್ಲಿ ಬಂದಿತು. ಆಗಸ್ಟ್ 15ರಂದು ಬೇರೊಂದು ಕಂಪನಿ ಅದನ್ನು ಹೊರತಂದಿತು. ‘ದಿ ಟೈಮರ್ಸ್’ ಮೇಳ ಹುಟ್ಟಿದುದು ಈ ಕೋಪದ ಕಾಲದಲ್ಲಿಯೇ. ಅದರ ಸದಸ್ಯರು ಹಿಂದಿನ ವಿದ್ಯಾರ್ಥಿ ಚಳವಳಿಗಾರರಂತೆ ತಲೆಗೆ ಗಟ್ಟಿ ಟೋಪಿಯನ್ನಿಟ್ಟು, ಮುಖಕ್ಕೆ ವಸ್ತ್ರವನ್ನು ಬಿಗಿದು, ಹುಸಿಹೆಸರುಗಳಲ್ಲಿ ವೇದಿಕೆಗೆ ಬರುತ್ತಿದ್ದರು. ಯಾರ ಹಾಡನ್ನು ಒಮ್ಮೆ ಮಾರಲಾಗದೆಂದು ಹೇಳಿದರೋ, ಅವರ ಧ್ವನಿಯಿಂದಲೇ ಈಗ ಮಾರಾಟ ನಡೆಯುತ್ತಿದೆಯೆಂದು ಆಕ್ಷೇಪಿಸುವವರ ಸಂಕಟ ಅರ್ಥವಾಗತಕ್ಕುದೇ. 2011ರ ಮಾರ್ಚಿಯಲ್ಲಿ ಭೂಕಂಪವೂ ಕಡಲುಬ್ಬರವೂ ಸಂಭವಿಸಿ ಫುಕುಷಿಮಾದ ಪರಮಾಣು ಸ್ಥಾವರ ಒಡೆದಾಗ, ಅವರ 1988ರ ಹಾಡುಗಳನ್ನು ಎಷ್ಟೋ ಮಂದಿ ಮತ್ತೆ ನೆನೆದರು. ಅದೇ ವರ್ಷ ಅವರ ಇನ್ನೊಂದು ಹಾಡು ಅಂಗಡಿಯ ಜಾಹೀರಾತಿಗೆ ಬಂದಿತು. ಒಂದೇ ಕಂಠದ ಎಚ್ಚರಿಕೆ ಒಂದು ಕಡೆ, ಸಾಂತ್ವನ ಇನ್ನೊಂದು ಕಡೆ. ಜಾಹೀರಾತು ಸಾಂತ್ವನವನ್ನು ಮಾತ್ರ ಆರಿಸಿಕೊಂಡಿತು.

ಆದರೂ ಈ ಪಕ್ಷ ಒಂದು ಮಾತನ್ನು ಒಪ್ಪಲೇಬೇಕಾಗುತ್ತದೆ. ಹಾಡು ಶುದ್ಧವಾದ ಮನೆಯಲ್ಲಿ ಹುಟ್ಟಿ ಅನಂತರ ಪೇಟೆಗೆ ಬಂದು ಕೆಟ್ಟಿತೆಂಬ ಕಥೆ ಇಲ್ಲಿ ನಿಲ್ಲುವುದಿಲ್ಲ. ‘ದಿ ಮಂಕೀಸ್’ ಮೇಳವನ್ನು ಕೂಡಿಸಿದುದೇ 1966ರಲ್ಲಿ ಆರಂಭವಾದ ಒಂದು ಟೆಲಿವಿಷನ್ ಕಾರ್ಯಕ್ರಮಕ್ಕಾಗಿ. ಸ್ಟೂವರ್ಟರ ಸಾಹಿತ್ಯದ ಒಂದು ಪದವನ್ನು ಧ್ವನಿಮುದ್ರಣದ ಕಂಪನಿಯ ಇಷ್ಟದಂತೆ ಆಗಲೇ ಬದಲಿಸಲಾಗಿತ್ತು. ಇಮಾವಾನೋ ಅವರಾದರೂ, ಯಾವ ಕಂಪನಿ ತಮ್ಮ ಸಂಪುಟವನ್ನು ತಡೆಯಿತೋ ಅದೇ ಕಂಪನಿಯ ಮೂಲಕವೇ ಮರುವರ್ಷ ‘ದಿ ಟೈಮರ್ಸ್’ನ ಹಾಡುಗಳನ್ನು ಹೊರತಂದರು. ಎಂದರೆ, ಈ ಹಾಡು ಪೇಟೆಯಲ್ಲಿ ಹುಟ್ಟಿತು; ಒಬ್ಬ ಮಗನ ದುಃಖ ಅದನ್ನು ಮನೆಗೆ ಕರೆದುಕೊಂಡು ಹೋಯಿತು; ಬಳಿಕ ಅದು ಮತ್ತೆ ಪೇಟೆಗೆ ಬಂದಿತು. ಹುಟ್ಟಿನ ಕುಲವನ್ನು ವಿಚಾರಿಸಿ ಹಾಡಿಗೆ ತೀರ್ಪು ಹೇಳುವುದು ಮನುಷ್ಯರಿಗೆ ಹಾಗೆ ತೀರ್ಪು ಹೇಳುವಷ್ಟೇ ಅನ್ಯಾಯ.

ಸಂಗೀತಗಾರನು ಹಣ ಪಡೆಯುವುದೇ ಹೀನವೆಂದು ಹೇಳುವುದೂ ಸರಿಯಲ್ಲ. ರಾಜರೂ ದೇವಾಲಯಗಳೂ ಗಾಯಕರಿಗೆ ಅನ್ನ ಹಾಕಿದ ಕಾಲ ಹೋಯಿತು. ಆ ಭಾರ ಈಗ ಬಹುಮಟ್ಟಿಗೆ ವರ್ತಕರ ಮೇಲೆ ಬಿದ್ದಿದೆ. ಜಪಾನಿನಲ್ಲಿ ಖಾಸಗಿ ರೇಡಿಯೋ ಪ್ರಸಾರ ಆರಂಭವಾದ 1951ರ ಸೆಪ್ಟೆಂಬರಿನಲ್ಲಿಯೇ ಆ ದೇಶದ ಮೊದಲ ಜಾಹೀರಾತುಗೀತವೂ ಕೇಳಿಬಂದಿತು. ಮಿಕಿ ತೊರಿರೋ ಅವರು ಒಂದು ಛಾಯಾಚಿತ್ರ ಸಾಮಗ್ರಿಯ ಕಂಪನಿಗಾಗಿ ಕಟ್ಟಿದ ಆ ವಿನೋದಗೀತದಲ್ಲಿ ಕಂಪನಿಯ ಹೆಸರಾಗಲಿ ಸರಕಿನ ಹೆಸರಾಗಲಿ ಬರುವುದೇ ಇಲ್ಲ. ಛಾಯಾಚಿತ್ರ ತೆಗೆಯುವ ಹವ್ಯಾಸಿಯೊಬ್ಬನ ಪಾಡು ಅದರ ವಸ್ತು. 1970ರ ದಶಕದ ಕೊನೆಗೆ ಸೌಂದರ್ಯಸಾಧನಗಳ ಕಂಪನಿಗಳು ಋತುವಿಗೊಂದು ಹೊಸ ಹಾಡನ್ನು ಹೊರಡಿಸುವ ಪದ್ಧತಿ ಬೆಳೆಯಿತು. 1978ರಲ್ಲಿ ಷಿಸೆಯ್ದೋ ಕಂಪನಿಯ ಜಾಹೀರಾತಿನ ಜೊತೆಗೆ ಬಂದ ಯಾಜಾವಾ ಏಕಿಚಿಯವರ ಹಾಡು ದೇಶದಲ್ಲೆಲ್ಲ ಅಗ್ರಸ್ಥಾನವನ್ನು ಪಡೆಯಿತು. ಇವು ಜಾಹೀರಾತಿನ ಜೊತೆಯಲ್ಲಿಯೇ ಲೋಕಕ್ಕೆ ಬಂದ ಹಾಡುಗಳು. ಕೇಳುವವನು ಅವುಗಳನ್ನು ಮೊದಲ ದಿನದಿಂದಲೇ ಸರಕಿನೊಡನೆ ಅರಿತನು; ಅವನಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡಬಹುದು. ಜಪಾನಿನ 1970ರ ಕೃತಿಸ್ವಾಮ್ಯ ಶಾಸನದ 60ನೆಯ ವಿಧಿ ಉದಾತ್ತವಾದುದು. ಕರ್ತೃವು ಬದುಕಿದ್ದರೆ ಕೃತಿಯೊಡನೆ ಅವನಿಗಿರುವ ಆತ್ಮೀಯ ಹಕ್ಕಿಗೆ ಯಾವುದು ಹಾನಿಯಾಗುತ್ತಿತ್ತೋ ಅದನ್ನು ಅವನ ಮರಣಾನಂತರವೂ ಮಾಡಕೂಡದೆಂದು ಅದು ವಿಧಿಸುತ್ತದೆ. ಕಾಲಸ್ಥಿತಿ ಬದಲಾಗಿ, ಕೃತ್ಯವು ಅವನ ಇಚ್ಛೆಗೆ ವಿರುದ್ಧವಲ್ಲವೆಂದು ಕಂಡರೆ ಬಾಧಕವಿಲ್ಲವೆಂದೂ ಸೇರಿಸುತ್ತದೆ. ಸತ್ತವನಿಗೂ ಒಂದು ಇಚ್ಛೆಯಿದೆಯೆಂದು ಶಾಸನವೇ ಒಪ್ಪುವುದು ಸಾಮಾನ್ಯವಾದ ಮಾತಲ್ಲ. ಜಾಹೀರಾತಿನ ವ್ಯವಹಾರಗಳು ಹಕ್ಕುದಾರರ ಒಪ್ಪಿಗೆಯಿಂದ ನಡೆಯತಕ್ಕವು. ಅಲ್ಲಿಗೆ ಕಾನೂನಿನ ಕೆಲಸ ಮುಗಿಯಿತು. ರಚಿಸಿದವನನ್ನು ಅದು ಕೇಳುತ್ತದೆ, ಹಾಡಿದವನನ್ನು ಕೇಳುತ್ತದೆ, ಮುದ್ರಿಸಿದವನನ್ನು ಕೇಳುತ್ತದೆ. ಅದು ಕೇಳದಿರುವವನು ಒಬ್ಬನೇ: ಕೇಳುಗನು.

ವಿಚಾರದ ಗಂಟು ಇರುವುದು ಇಲ್ಲಿಯೇ. ಅಂಗಡಿಯು ಹಾಡನ್ನು ಬಾಡಿಗೆಗೆ ಪಡೆದಾಗ ಅದಕ್ಕೆ ನಿಜವಾಗಿ ಬೇಕಾದುದು ಏನು? ರಾಗವೊಂದೇ ಆಗಿದ್ದರೆ ಹೊಸ ರಾಗವನ್ನು ಕಟ್ಟಿಸುವುದು ಸುಲಭ. ಹಳೆಯ ಹಾಡೇ ಬೇಕಾಗುವುದು ಏತಕ್ಕೆಂದರೆ, ಅದರ ಸುತ್ತಲೂ ಕೇಳುಗನ ಬಾಳು ಹೆಣೆದುಕೊಂಡಿದೆ. ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಕೇಳಿದಾಗ ಪಕ್ಕದಲ್ಲಿದ್ದವರು, ಆಗ ಇದ್ದ ಮನೆ, ಆಗ ಇನ್ನೂ ಬದುಕಿದ್ದ ತಾಯಿ—ಇವೆಲ್ಲ ಹಾಡಿನೊಡನೆ ಎದ್ದುಬರುತ್ತವೆ. ಆ ಪ್ರೀತಿಯ ಒಂದಂಶ ಅಂಗಡಿಯ ಹೆಸರಿಗೂ ಅಂಟುತ್ತದೆ. ಹಣ ಸಂದಾಯವಾದುದು ಹಾಡಿನ ಹಕ್ಕುದಾರನಿಗೆ. ಉಪಯೋಗಕ್ಕೆ ಬಂದುದು ಕೇಳುಗನ ನೆನಪು. ಆ ನೆನಪು ಗಾಯಕನದೂ ಅಲ್ಲ, ಕಂಪನಿಯದೂ ಅಲ್ಲ. ಮನೆಯ ಒಡೆಯನನ್ನು ಕೇಳದೆ ಇನ್ನಿಬ್ಬರು ಆ ಮನೆಗೆ ಬಾಡಿಗೆಯ ಕರಾರನ್ನು ಬರೆದುಕೊಂಡಂತೆ ಇದು.

ಇನ್ನೊಂದು ಅಂಗಡಿಯ ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ಫ್ಯಾಮಿಲಿಮಾರ್ಟ್ ಎಂಬ ಅಂಗಡಿಗಳ ಬಾಗಿಲು ತೆರೆದೊಡನೆ ಒಂದು ಪುಟ್ಟ ಸ್ವರಮಾಲೆ ನುಡಿಯುತ್ತದೆ. ಅದನ್ನು ಇನಾದಾ ಯಾಸುಷಿ ಅವರು 1978ರಲ್ಲಿ ಮತ್ಸುಷಿತಾ ಕಂಪನಿಯ ಬಾಗಿಲಗಂಟೆಗಾಗಿ ರಚಿಸಿದರು. ಆ ಅಂಗಡಿಗಾಗಿ ಅಲ್ಲವೇ ಅಲ್ಲ. ಆದರೂ ಇಂದು ಜಪಾನಿನಲ್ಲಿ ಆ ಸ್ವರಗಳನ್ನು ಕೇಳಿದವರಿಗೆ ಆ ಅಂಗಡಿಯೇ ನೆನಪಾಗುತ್ತದೆ. ಇದರಿಂದ ಯಾರಿಗೂ ನೋವಿಲ್ಲ. ಏಕೆಂದರೆ ಆ ಸ್ವರಮಾಲೆಯಲ್ಲಿ ಹಿಂದೆ ಯಾರ ದುಃಖವೂ ವಾಸವಾಗಿರಲಿಲ್ಲ. ಬರಿದಾದ ಮನೆಗೆ ಅಂಗಡಿ ಬಂದು ಸೇರಿತು, ಅಷ್ಟೆ. ಜನ ವಾಸವಾಗಿರುವ ಮನೆಗೆ ಬರುವುದು ಬೇರೆಯ ಮಾತು.

ಭಾರತೀಯ ರಸಮೀಮಾಂಸೆಯನ್ನು ಬಲ್ಲವರಿಗೆ ಈ ಭೇದವನ್ನು ಇನ್ನೊಂದು ಬಗೆಯಲ್ಲಿಯೂ ಹೇಳಬಹುದು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರದಲ್ಲಿ ಒಬ್ಬನ ಭಾವ ಅವನೊಬ್ಬನದಾಗಿ ಉಳಿಯದೆ ಎಲ್ಲರದೂ ಆಗುತ್ತದೆ. ಇಮಾವಾನೋ ಅವರ ತಾಯಿ ಹಾಡಿನಲ್ಲಿ ಕೇಳುವವರೆಲ್ಲರ ತಾಯಿಯಾದುದು ಈ ರೀತಿಯಲ್ಲಿಯೇ. ಆ ಘಳಿಗೆಯಲ್ಲಿ ಕೇಳುಗನಿಗೆ ತನ್ನ ಲಾಭನಷ್ಟಗಳ ಎಣಿಕೆಯಿರುವುದಿಲ್ಲ. ರಸಾನುಭವಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ಕೇಳುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಒಂದು ವಿಘ್ನವೆಂದು ಹೇಳಿದ್ದಾನೆ. ಜಾಹೀರಾತು ಆ ವಿಘ್ನವನ್ನೇ ಗುರಿಯಾಗಿ ಇಟ್ಟುಕೊಂಡ ಕಲೆ. ಎಲ್ಲರದಾಗಿದ್ದ ಭಾವವನ್ನು ಅದು ಮತ್ತೆ ಕೆಳಗಿಳಿಸಿ ಒಬ್ಬನ ಹಸಿವಿಗೆ, ಒಬ್ಬನ ಜೇಬಿಗೆ ಕಟ್ಟುತ್ತದೆ. ಅದೂ ಹದಿನೈದೋ ಮೂವತ್ತೋ ಸೆಕೆಂಡುಗಳಲ್ಲಿ. ಅಷ್ಟು ಹೊತ್ತಿನಲ್ಲಿ ಹಾಡಿನ ಪಲ್ಲವಿ ಮಾತ್ರ ಹಿಡಿಸುತ್ತದೆ. ದುಃಖವಿರುವ ಚರಣಕ್ಕೆ ಎಡೆಯಿರುವುದಿಲ್ಲ. ಹೀಗೆ ಕೇಳಿ ಬೆಳೆದ ಮಗುವಿಗೆ ಅದು ತಾಯಿಯನ್ನು ಕಳೆದುಕೊಂಡವನ ಹಾಡೆಂದು ತಿಳಿಯದೆ, ಅಂಗಡಿಯ ಹಾಡೆಂದು ಮಾತ್ರ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತೂ ಉಂಟು. ಅದನ್ನು ಮರೆಮಾಡುವುದು ನ್ಯಾಯವಲ್ಲ. ಹಾಡುಗಳು ಸಾಯುವುದು ದುರುಪಯೋಗದಿಂದಲ್ಲ, ಬಹುಮಟ್ಟಿಗೆ ಮರೆವಿನಿಂದ. 1989ರ ಎಷ್ಟೋ ಹಾಡುಗಳು ಇಂದು ಯಾರಿಗೂ ಬೇಡವಾಗಿವೆ. ಈ ಹಾಡನ್ನು ಆಗ ಹುಟ್ಟಿಯೇ ಇರದವರೂ ಬಲ್ಲರು. ಅವರಲ್ಲಿ ಹತ್ತರಲ್ಲೊಬ್ಬನು ಇಡೀ ಹಾಡನ್ನು ಹುಡುಕಿ ಕೇಳಿ, ಹಾಡಿದವರ ಮಿಕ್ಕ ಹಾಡುಗಳಿಗೂ ಕಿವಿಗೊಟ್ಟರೆ, ಜಾಹೀರಾತು ತಿಳಿಯದೆಯೇ ಒಂದು ಉಪಕಾರವನ್ನು ಮಾಡಿದಂತಾಯಿತು. ಅಂಗಡಿಯೂ ತಿರಸ್ಕಾರಕ್ಕೆ ತಕ್ಕುದಲ್ಲ. ರಾತ್ರಿಯ ಪಾಳಿ ಮುಗಿಸಿ ಬರುವ ದಾದಿ, ಒಂಟಿಯಾಗಿ ಬಾಳುವ ಮುದುಕ, ಊರಿಗೆ ಹೊಸಬನಾದ ವಿದ್ಯಾರ್ಥಿ ಇವರಿಗೆಲ್ಲ ಆ ದೀಪ ಉರಿಯುತ್ತಿರುವುದೇ ಒಂದು ಧೈರ್ಯ. 2011ರ ವಿಪತ್ತಿನಲ್ಲಿ ಈ ಅಂಗಡಿಗಳು ಆಹಾರವನ್ನು ಒದಗಿಸಿದುದನ್ನು ಜನರು ಮರೆತಿಲ್ಲ. 2017ರಲ್ಲಿ ಸರ್ಕಾರವು ಇಂಥ ದೊಡ್ಡ ಕಂಪನಿಗಳನ್ನು ವಿಪತ್ತಿನ ಕಾಲದಲ್ಲಿ ಸಾರ್ವಜನಿಕ ಕರ್ತವ್ಯವುಳ್ಳ ಸಂಸ್ಥೆಗಳೆಂದು ನಿಯಮಿಸಿತು. ತಾಯಿಯ ಹಾಡಿಗೂ ಹಸಿದವನಿಗೆ ಅನ್ನ ಕೊಡುವ ಮನೆಗೂ ಸಂಬಂಧವೇ ಇಲ್ಲವೆಂದು ಹೇಳಲಾಗದು.

ಆದರೆ ಈ ಸಮಾಧಾನದಿಂದಲೇ ಒಂದು ಕರ್ತವ್ಯವೂ ಹುಟ್ಟುತ್ತದೆ. ಜಪಾನಿನ ಎಷ್ಟೋ ಅಂಗಡಿಗಳಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ‘ಹೊತಾರು ನೋ ಹಿಕಾರಿ’, ಎಂದರೆ ಮಿಂಚುಹುಳುಗಳ ಬೆಳಕು, ಎಂಬ ಹಾಡಿನ ರಾಗವನ್ನು ನುಡಿಸುವ ವಾಡಿಕೆಯಿದೆ. ಅದೂ ಹೊರಗಿನಿಂದ ಬಂದ ರಾಗವೇ. ಸ್ಕಾಟ್ಲೆಂಡಿನ ಒಂದು ಜನಪದ ರಾಗಕ್ಕೆ ಜಪಾನೀ ಸಾಹಿತ್ಯವನ್ನು ಕೂಡಿಸಿ 1881ರ ಶಾಲಾಗೀತಗಳ ಸಂಗ್ರಹದಲ್ಲಿ ಪ್ರಕಟಿಸಲಾಯಿತು. ಆ ರಾಗ ಕೇಳಿದೊಡನೆ ಗಿರಾಕಿಯು ಹೊರಡುತ್ತಾನೆ, ಕೆಲಸದವನು ಮನೆಗೆ ಹೋಗುತ್ತಾನೆ. ಎಂದೂ ಮುಚ್ಚದ ಅಂಗಡಿಗೆ ಈ ಬೀಳ್ಕೊಡುಗೆಯ ಹಾಡಿನ ಅಗತ್ಯವಿಲ್ಲ. ಅಲ್ಲಿ ಗಿರಾಕಿಯನ್ನು ಕರೆಯುವ ಹಾಡುಂಟು. ಕೆಲಸದವನನ್ನು ಮನೆಗೆ ಕಳುಹಿಸುವ ಹಾಡಿಲ್ಲ. 2019ರಲ್ಲಿ ಒಸಾಕಾ ಪ್ರಾಂತದ ಅಂಗಡಿಗಾರನೊಬ್ಬನು ಕೆಲಸಗಾರರು ಸಿಕ್ಕದೆ ರಾತ್ರಿಯ ಹೊತ್ತು ಬಾಗಿಲು ಮುಚ್ಚಿದಾಗ ಆ ಸಂಗತಿ ದೇಶದಲ್ಲೆಲ್ಲ ಚರ್ಚೆಗೆ ಬಂದಿತು. ಆ ಮೇಲೆ ಕೆಲವು ಅಂಗಡಿಗಳಿಗೆ ರಾತ್ರಿ ಮುಚ್ಚುವ ಅವಕಾಶ ದೊರೆಯಿತು. ಮನೆಯ ಬೆಚ್ಚನೆಯ ಭಾವವನ್ನು ಹಾಡಿನಿಂದ ಎರವಲು ಪಡೆದ ಸಂಸ್ಥೆಯು, ತನ್ನಲ್ಲಿ ದುಡಿಯುವವನಿಗೆ ಮನೆಯೊಂದುಂಟೆಂಬುದನ್ನು ಮರೆಯಲಾಗದು. ಹಾಡಿನ ಬಾಡಿಗೆ ಹಣದಲ್ಲಿ ಮಾತ್ರ ತೀರುವಂಥದಲ್ಲ. ಉಳಿದುದನ್ನು ನಡತೆಯಲ್ಲಿ ತೀರಿಸಬೇಕು.

ಆದುದರಿಂದ ವರ್ತಕನು ಹಾಡನ್ನು ಮುಟ್ಟಲೇಕೂಡದೆಂಬ ನಿಷೇಧ ಯುಕ್ತವಲ್ಲ. ಹಣ ಕೊಟ್ಟಮೇಲೆ ಪ್ರಶ್ನೆಯೇ ಇಲ್ಲವೆಂಬ ಧೋರಣೆಯೂ ಯುಕ್ತವಲ್ಲ. ಎರಡು ವಿಷಯಗಳನ್ನು ಒರೆಗೆ ಹಚ್ಚಿ ನೋಡಬೇಕು. ಮೊದಲನೆಯದು, ಜಾಹೀರಾತಿನ ತರುವಾಯವೂ ಹಾಡು ಸರಕಿಗಿಂತ ದೊಡ್ಡದಾಗಿ ಉಳಿದಿದೆಯೇ ಎಂಬುದು. ಎರಡನೆಯದು, ಹಾಡು ತನ್ನ ಬಾಯಿಂದ ಕೊಟ್ಟ ಮಾತನ್ನು ಸರಕಿನವನು ತನ್ನ ಕೈಯಿಂದ ನಡೆಸುತ್ತಿದ್ದಾನೆಯೇ ಎಂಬುದು. ಎರಡನೆಯದಕ್ಕೆ ವರ್ತಕನೇ ಉತ್ತರ ಹೇಳಬೇಕು. ಮೊದಲನೆಯದಕ್ಕೆ ಉತ್ತರ ಬಹುಪಾಲು ಕೇಳುಗನ ವಶದಲ್ಲಿದೆ. ಅವನನ್ನು ಯಾರೂ ಕೇಳದೆ ಕರಾರು ಬರೆದರು, ನಿಜ. ಆದರೆ ಅವನು ರುಜು ಹಾಕದ ಕರಾರು ಅವನನ್ನು ಕಟ್ಟುವುದೂ ಇಲ್ಲ. ಹಾಡಿನ ಉಳಿದ ಚರಣಗಳನ್ನು ಅವನು ಬಲ್ಲವನಾದರೆ, ಅದನ್ನು ಯಾರು ಯಾರಿಗಾಗಿ ಹಾಡಿದರೆಂಬುದನ್ನು ಮಕ್ಕಳಿಗೆ ಒಮ್ಮೆ ಹೇಳಿದರೆ, ಅಂಗಡಿಯ ಹದಿನೈದು ಸೆಕೆಂಡುಗಳು ಅವನಿಂದ ಏನನ್ನೂ ಒಯ್ಯಲಾರವು. ಅವನು ಹೇಳದೆ ಬಿಟ್ಟರೆ, ಮುಂದಿನ ತಲೆಮಾರಿಗೆ ಆ ಹಾಡಿನ ಅರ್ಥವನ್ನು ಹೇಳಿಕೊಡುವವನು ವರ್ತಕನೊಬ್ಬನೇ ಆಗುವನು.